ಬಿಸಿಯೇರದ ಹಳೆಯ ಎಂಜಿನ್: ಕಾರಣ ಪತ್ತೆ ಮತ್ತು ದುರಸ್ತಿಯ ಸಮಗ್ರ ಮಾರ್ಗದರ್ಶಿ

ಗಾಡಿ ಹೀಟ್ ಆಗುತ್ತಿದೆ ಎಂದರೆ ಗಾಬರಿಪಡುವ ಮಾಲೀಕರೇ, ಮೀಟರಿನ ಮುಳ್ಳು ಕೆಳಗಿನ ಗೆರೆ ಬಿಟ್ಟು ಮೇಲೇಳುವುದೇ ಇಲ್ಲ ಎಂದಾಗ ನಿಶ್ಚಿಂತರಾಗಿಬಿಡುತ್ತಾರೆ. ಆದರೆ ನೀರಿನಿಂದ ತಂಪಾಗುವ ಎಂಜಿನ್‌ಗಳು ಸಾಮಾನ್ಯವಾಗಿ 80ರಿಂದ 95 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಕೆಲಸ ಮಾಡುವಂತೆ ರೂಪುಗೊಂಡಿರುತ್ತವೆ. ಅರ್ಧ ಗಂಟೆ ಓಡಿದ ಮೇಲೂ 60 ಡಿಗ್ರಿ ದಾಟದ ಎಂಜಿನ್ ಎಷ್ಟೇ ಸದ್ದಿಲ್ಲದೆ ಓಡಲಿ, ಅದರಲ್ಲಿ ದೋಷವಿದೆ ಎಂದೇ ತಿಳಿಯಬೇಕು.

ನಮ್ಮ ರಸ್ತೆಗಳಲ್ಲಿ ಇನ್ನೂ ಓಡುತ್ತಿರುವ ಮಾರುತಿ 800, ಓಮ್ನಿ, ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಮತ್ತು ಮಹೀಂದ್ರ ಜೀಪುಗಳಲ್ಲಿ ಈ ದೋಷದ ಹಿಂದೆ ಮತ್ತೆ ಮತ್ತೆ ಕಾಣುವ ಕಥೆ ಒಂದೇ. ಹಿಂದೆ ಯಾವಾಗಲೋ ಎಂಜಿನ್ ಕುದಿದಿರುತ್ತದೆ. ಆಗ ಯಾರೋ ಮೆಕ್ಯಾನಿಕ್ "ನಮ್ಮ ಹವೆಗೆ ಇದು ಬೇಕಾಗಿಯೇ ಇಲ್ಲ" ಎಂದು, ಎಂಜಿನ್ ಬಿಸಿಯಾಗುವವರೆಗೆ ನೀರು ರೇಡಿಯೇಟರಿಗೆ ಹೋಗದಂತೆ ತಡೆಯುವ ಥರ್ಮೋಸ್ಟಾಟ್ ವಾಲ್ವನ್ನು ಕಿತ್ತು ಬಿಸಾಡಿ, ಜೊತೆಗೆ ರೇಡಿಯೇಟರ್ ಫ್ಯಾನಿಗೆ ಡೈರೆಕ್ಟ್ ವೈರ್ ಕೊಟ್ಟು ಕಳುಹಿಸಿರುತ್ತಾರೆ. ಆದ್ದರಿಂದ ದುರಸ್ತಿಯೆಂದರೆ ಹೊಸ ವಾಲ್ವ್ ತಂದು ಕೂರಿಸುವುದಷ್ಟೇ ಅಲ್ಲ. ಅದನ್ನು ಕಿತ್ತದ್ದೇಕೆ ಎಂಬುದನ್ನು ಮೊದಲು ಪತ್ತೆಹಚ್ಚಿ, ಆ ಮೂಲ ದೋಷವನ್ನು ಸರಿಪಡಿಸಿದ ಮೇಲೆಯೇ ವಾಲ್ವ್ ಕೂರಿಸಬೇಕು. ಈ ಕ್ರಮ ತಪ್ಪಿದರೆ, ಇಷ್ಟು ದಿನ ತಣ್ಣಗಿದ್ದ ಎಂಜಿನ್ ಮೊದಲ ಘಾಟಿಯಲ್ಲೇ ಕುದಿಯುತ್ತದೆ.

ತಣ್ಣಗಿದ್ದರೆ ಆಗುವ ಹಾನಿ

ಸಿಲಿಂಡರಿನ ಗೋಡೆ ಸಾಕಷ್ಟು ಬಿಸಿಯಾಗದಿದ್ದರೆ ಒಳಬಂದ ಪೆಟ್ರೋಲ್ ಪೂರ್ತಿ ಆವಿಯಾಗುವುದಿಲ್ಲ. ಉಳಿದ ಹನಿಗಳು ಗೋಡೆಯ ಮೇಲಿನ ಆಯಿಲ್ ಪದರವನ್ನು ತೊಳೆದುಕೊಂಡು, ರಿಂಗುಗಳ ಸಂದಿಯಿಂದ ಕೆಳಗಿಳಿದು, ಆಯಿಲ್ ಚೇಂಬರನ್ನು ಸೇರುತ್ತವೆ; ಆಯಿಲ್ ತೆಳುವಾಗುತ್ತದೆ, ರಿಂಗು ಮತ್ತು ಸಿಲಿಂಡರ್ ಬೇಗ ಸವೆಯುತ್ತವೆ. ಇದರ ಜೊತೆಗೆ ನೀರಿನ ಸಮಸ್ಯೆಯೂ ಇದೆ. ಒಂದು ಲೀಟರ್ ಪೆಟ್ರೋಲ್ ಉರಿದಾಗ ಹೆಚ್ಚುಕಡಿಮೆ ಒಂದು ಲೀಟರಿನಷ್ಟೇ ನೀರು ಆವಿಯ ರೂಪದಲ್ಲಿ ಹುಟ್ಟುತ್ತದೆ. ಅದರ ಬಹುಭಾಗ ಸೈಲೆನ್ಸರಿನ ಮೂಲಕ ಹೊರಹೋಗುತ್ತದೆಯಾದರೂ ಸ್ವಲ್ಪ ಭಾಗ ಎಂಜಿನ್ನಿನ ಒಡಲಿಗೆ ಇಳಿಯುತ್ತದೆ. ಬಿಸಿಯಾದ ಎಂಜಿನ್ ಅದನ್ನು ಬ್ರೀದರ್ ಮೂಲಕ ಹೊರಹಾಕುತ್ತದೆ. ತಣ್ಣಗಿನ ಎಂಜಿನ್‌ನಲ್ಲಿ ಅದೇ ಆವಿ ಹನಿಗಟ್ಟಿ ಆಯಿಲಿನೊಂದಿಗೆ ಬೆರೆಯುತ್ತದೆ. ಆಯಿಲ್ ತುಂಬುವ ಮುಚ್ಚಳವನ್ನು ತಿರುಗಿಸಿ ನೋಡಿದಾಗ ಒಳಬದಿಗೆ ಮೆತ್ತಿಕೊಂಡಿರುವ ಬೆಣ್ಣೆ ಬಣ್ಣದ ಲೋಳೆ ಇದೇ.

ಹಳೆಯ ಡೀಸೆಲ್ ಜೀಪುಗಳಲ್ಲಿ ಲಕ್ಷಣಗಳು ಇನ್ನೂ ಸ್ಪಷ್ಟವಾಗಿರುತ್ತವೆ. ಬೆಳಗಿನ ಬಿಳಿ ಹೊಗೆ ಬಹಳ ಹೊತ್ತಾದರೂ ನಿಲ್ಲುವುದಿಲ್ಲ, ಡೀಸೆಲ್ ನಾಕ್‌ನ ಕಟಕಟ ಸದ್ದು ಕಡಿಮೆಯಾಗುವುದಿಲ್ಲ, ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟು ಮತ್ತೆ ಒತ್ತಿದಾಗ ಹೊಗೆ ಉಗುಳುತ್ತದೆ. ಕಾರ್ಬ್ಯುರೇಟರ್ ಬದಲು ಇಂಜೆಕ್ಟರುಗಳಿರುವ ಎಂಪಿಎಫ್‌ಐ ಕಾರುಗಳಲ್ಲಾದರೆ ಇಸಿಎಂ (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್), ಎಂಜಿನ್ ಇನ್ನೂ ಬಿಸಿಯಾಗುತ್ತಿದೆ ಎಂದೇ ಭಾವಿಸಿ ಹೆಚ್ಚು ಪೆಟ್ರೋಲ್ ಕೊಡುತ್ತಲೇ ಇರುತ್ತದೆ. ಐಡ್ಲಿಂಗ್ ಏರಿರುತ್ತದೆ, ಮೈಲೇಜ್ ಇಳಿದಿರುತ್ತದೆ. ಹದಿನೈದು ವರ್ಷ ತುಂಬಿದ ಗಾಡಿಯ ನೋಂದಣಿ ನವೀಕರಣಕ್ಕೆ ಹೋಗುವವರು ಎಮಿಷನ್ ಟೆಸ್ಟಿನಲ್ಲಿ ಸೋತು ಕಾರ್ಬ್ಯುರೇಟರ್ ಬಿಚ್ಚಿಸುವ ಮೊದಲು ಎಂಜಿನ್ನಿನ ಉಷ್ಣತೆಯನ್ನೊಮ್ಮೆ ಅಳೆದು ನೋಡುವುದು ಲೇಸು.

ಮೊದಲು ಮೀಟರನ್ನು ಅನುಮಾನಿಸಿ

ಮುಳ್ಳು ಕೆಳಗಿರುವುದಕ್ಕೆಲ್ಲ ಎಂಜಿನ್ ಕಾರಣವಲ್ಲ. ಎಂಜಿನ್ ಪೂರ್ತಿ ತಣ್ಣಗಿದ್ದಾಗ ರೇಡಿಯೇಟರ್ ಮುಚ್ಚಳ ತೆರೆದು ನೀರಿನ ಮಟ್ಟವನ್ನು ನೋಡಿ. ನೀರು ಕಡಿಮೆಯಾಗಿದ್ದರೆ ಟೆಂಪರೇಚರ್ ಸೆನ್ಸರ್ ನೀರಿನಲ್ಲಿ ಮುಳುಗಿರದೆ ಗಾಳಿಯಲ್ಲಿ ನಿಂತಿರುತ್ತದೆ, ಆಗ ಎಂಜಿನ್ ಸುಡುತ್ತಿದ್ದರೂ ಮುಳ್ಳು ಏಳುವುದಿಲ್ಲ. ಎಲ್ಲ ಸಾಧ್ಯತೆಗಳಲ್ಲಿ ಅತ್ಯಂತ ಅಪಾಯಕಾರಿಯಾದದ್ದು ಇದು. ಆದ್ದರಿಂದಲೇ ಮೊದಲ ಪರೀಕ್ಷೆ.

ಮುಂದಿನದು ವೈರಿಂಗ್. ಒಂದೇ ವೈರ್ ಇರುವ ಹಳೆಯ ಮಾದರಿಯ ಸೆನ್ಸರಿನಲ್ಲಿ ಬಿಸಿ ಏರಿದಂತೆ ವಿದ್ಯುತ್ ರೋಧ ಕಡಿಮೆಯಾಗುತ್ತದೆ. ಕೀ ಆನ್ ಮಾಡಿ, ಆ ವೈರನ್ನು ಸೆನ್ಸರಿನಿಂದ ಬಿಡಿಸಿ, ಕ್ಷಣಮಾತ್ರ ಎಂಜಿನ್ ಬಾಡಿಗೆ ತಾಗಿಸಿದರೆ ಮುಳ್ಳು ಬಿಸಿಯ ಕಡೆಗೆ ಏರತೊಡಗಬೇಕು. ಏರಿದರೆ ಮೀಟರ್ ಮತ್ತು ವೈರ್ ಸರಿಯಾಗಿವೆ, ಏರದಿದ್ದರೆ ದೋಷ ಅಲ್ಲಿಯೇ ಇದೆ. ಮುಳ್ಳು ಚಲಿಸಿದ ಕೂಡಲೇ ವೈರನ್ನು ತೆಗೆಯಬೇಕು, ಇಲ್ಲವಾದರೆ ಮೀಟರ್ ಸುಟ್ಟೀತು. ಎರಡು ಅಥವಾ ಹೆಚ್ಚು ವೈರ್ ಇರುವ ಇಸಿಎಂ ಸೆನ್ಸರಿನ ಮೇಲೆ ಈ ಪ್ರಯೋಗ ಮಾಡಕೂಡದು. ಸೆನ್ಸರಿನ ಚೂಡಿಗೆ (ತಿರುಪಿನ ಗೆರೆಗಳಿಗೆ) ಪ್ಲಂಬರುಗಳು ಬಳಸುವ ಬಿಳಿ ಟೇಪನ್ನು ದಪ್ಪನಾಗಿ ಸುತ್ತಿ ಕೂರಿಸಿದ್ದರೂ ಅರ್ತ್ ಸಿಗದೆ ಮುಳ್ಳು ತಪ್ಪು ತೋರಿಸುತ್ತದೆ. ಹಲವು ಹಳೆಯ ಕಾರುಗಳಲ್ಲಿ ಪೆಟ್ರೋಲ್ ಮೀಟರಿಗೂ ಟೆಂಪರೇಚರ್ ಮೀಟರಿಗೂ ಒಂದೇ ವೋಲ್ಟೇಜ್ ಸ್ಟೆಬಿಲೈಸರಿನಿಂದ ವಿದ್ಯುತ್ ಬರುತ್ತದೆ. ಟ್ಯಾಂಕ್ ತುಂಬಿಸಿದರೂ ಪೆಟ್ರೋಲ್ ಮುಳ್ಳು ಅರ್ಧದಲ್ಲೇ ನಿಂತರೆ, ಎಂಜಿನ್ನನ್ನು ಬಿಟ್ಟು ಆ ಸ್ಟೆಬಿಲೈಸರನ್ನು ನೋಡಬೇಕು.

ಕೊನೆಗೆ ಉಷ್ಣತೆಯನ್ನು ನೇರವಾಗಿ ಅಳೆಯಿರಿ. ಕೋವಿಡ್ ಕಾಲದಲ್ಲಿ ಮನೆಮನೆಗೂ ಬಂದ, ಹಣೆಗೆ ಹಿಡಿಯುವ ಗನ್ ಇದಕ್ಕೆ ಆಗದು, ಅದು ಮೈ ಉಷ್ಣತೆಯ ವ್ಯಾಪ್ತಿಯನ್ನಷ್ಟೇ ಅಳೆಯುತ್ತದೆ. ಕೈಗಾರಿಕಾ ಬಳಕೆಯ ಇನ್‌ಫ್ರಾರೆಡ್ ಥರ್ಮಾಮೀಟರ್ ಬೇಕು. ಹೊಳೆಯುವ ಅಲ್ಯುಮಿನಿಯಂ ಮೇಲೆ ಅದು ನಿಜಕ್ಕಿಂತ ಕಡಿಮೆ ತೋರಿಸುವುದರಿಂದ, ಥರ್ಮೋಸ್ಟಾಟ್ ಹೌಸಿಂಗಿನ (ಮೇಲಿನ ಹೋಸ್ ಎಂಜಿನ್ ಸೇರುವಲ್ಲಿರುವ ಮುಚ್ಚಳದ) ಮೇಲೆ ಕಪ್ಪು ಇನ್ಸುಲೇಷನ್ ಟೇಪಿನ ತುಂಡೊಂದನ್ನು ಅಂಟಿಸಿ ಅದರ ಮೇಲೆ ಅಳೆಯಬೇಕು. ಇಪ್ಪತ್ತು ನಿಮಿಷ ಓಡಿಸಿ ಬಂದ ಮೇಲೂ ಅಲ್ಲಿ 70 ಡಿಗ್ರಿಗಿಂತ ಕಡಿಮೆ ಇದ್ದರೆ ಎಂಜಿನ್ ನಿಜವಾಗಿಯೂ ತಣ್ಣಗಿದೆ. 2010ರ ನಂತರದ ಕಾರಾದರೆ ಸ್ಕ್ಯಾನರಿನಲ್ಲಿ ಪಿ0128 ಎಂಬ ಕೋಡ್ ಬಂದಿರಲೂಬಹುದು. ಥರ್ಮೋಸ್ಟಾಟಿನ ನಿಗದಿತ ಉಷ್ಣತೆಗೆ ಎಂಜಿನ್ ತಲುಪುತ್ತಿಲ್ಲ ಎಂಬುದೇ ಅದರ ಅರ್ಥ.

ಹೋಸ್ ಮುಟ್ಟಿ ನೋಡುವ ಪರೀಕ್ಷೆ

ಒಂದು ರೂಪಾಯಿ ಖರ್ಚಿಲ್ಲದ, ಆದರೆ ಅತ್ಯಂತ ನಂಬಲರ್ಹವಾದ ಪರೀಕ್ಷೆ ಇದು. ರಾತ್ರಿಯಿಡೀ ನಿಂತ ಗಾಡಿಯನ್ನು ಬೆಳಿಗ್ಗೆ ಸ್ಟಾರ್ಟ್ ಮಾಡಿ, ಎಂಜಿನ್ನಿನಿಂದ ರೇಡಿಯೇಟರಿನ ಮೇಲ್ಭಾಗಕ್ಕೆ ಹೋಗುವ ದಪ್ಪ ಹೋಸಿನ ಮೇಲೆ, ರೇಡಿಯೇಟರ್ ತುದಿಯಲ್ಲಿ, ಆಗಾಗ ಅಂಗೈ ಇಟ್ಟು ನೋಡಿ. ಸಡಿಲ ತೋಳಿನ ಅಂಗಿ, ಶಾಲು, ಸೆರಗು ಇವು ಬೆಲ್ಟಿನ ಹತ್ತಿರ ಸುಳಿಯಬಾರದು. ಎಲೆಕ್ಟ್ರಿಕ್ ಫ್ಯಾನ್ ಹೇಳದೆ ಕೇಳದೆ ತಿರುಗತೊಡಗುತ್ತದೆ ಎಂಬುದೂ ನೆನಪಿರಲಿ. ಥರ್ಮೋಸ್ಟಾಟ್ ಸರಿಯಾಗಿದ್ದರೆ ಎಂಜಿನ್ ಬೆಚ್ಚಗಾದರೂ ಹೋಸ್ ಹಲವು ನಿಮಿಷ ತಣ್ಣಗೇ ಇದ್ದು, ಬಳಿಕ ಒಮ್ಮೆಲೇ ಕೈ ಇಡಲಾಗದಷ್ಟು ಬಿಸಿಯಾಗುತ್ತದೆ. ಸ್ಟಾರ್ಟ್ ಮಾಡಿದ ಎರಡು ಮೂರು ನಿಮಿಷಕ್ಕೇ ಹೋಸ್ ಉಗುರುಬೆಚ್ಚಗಾಗಿ, ಎಂಜಿನ್ ಜೊತೆಜೊತೆಗೇ ನಿಧಾನವಾಗಿ ಏರುತ್ತಿದ್ದರೆ ಒಳಗೆ ವಾಲ್ವ್ ಇಲ್ಲ, ಇಲ್ಲವೇ ಅದು ತೆರೆದ ಸ್ಥಿತಿಯಲ್ಲೇ ಸಿಕ್ಕಿಹಾಕಿಕೊಂಡಿದೆ.

ರಸ್ತೆಯಲ್ಲಿ ಮುಳ್ಳಿನ ನಡವಳಿಕೆಯೂ ಇದನ್ನೇ ಹೇಳುತ್ತದೆ. ಸಿಗ್ನಲ್ಲಿನಲ್ಲಿ ನಿಂತಾಗ ಏರುವ ಮುಳ್ಳು, ಹೈವೇಯಲ್ಲಿ ವೇಗ ಹಿಡಿದ ಕೂಡಲೇ ಅಥವಾ ಚಾರ್ಮಾಡಿಯಂತಹ ಘಾಟಿಯನ್ನು ಗೇರಿನಲ್ಲಿ ಇಳಿಯುವಾಗ ಕೆಳಗೆ ಜಾರಿದರೆ, ಮೊದಲ ಅನುಮಾನ ಥರ್ಮೋಸ್ಟಾಟಿನ ಮೇಲೆ ಹೋಗಬೇಕು.

ಫ್ಯಾನಿಗೆ ಡೈರೆಕ್ಟ್ ಕೊಟ್ಟಿದ್ದರೆ

ಮಾರುತಿ 800 ಮುಂತಾದ ಎಲೆಕ್ಟ್ರಿಕ್ ಫ್ಯಾನಿನ ಕಾರುಗಳಲ್ಲಿ, ಎಸಿ ಆಫ್ ಇದ್ದು ಎಂಜಿನ್ ತಣ್ಣಗಿರುವಾಗ ಕೀ ತಿರುಗಿಸಿದ ಕೂಡಲೇ ಫ್ಯಾನ್ ಓಡಿದರೆ ಯಾರೋ ಡೈರೆಕ್ಟ್ ಕೊಟ್ಟಿದ್ದಾರೆ, ಇಲ್ಲವೇ ರಿಲೇ ಅಂಟಿಕೊಂಡಿದೆ. ಥರ್ಮೋಸ್ಟಾಟ್ ಸರಿಯಿದ್ದರೆ ಫ್ಯಾನ್ ಸದಾ ಓಡಿದರೂ ಎಂಜಿನ್ ತೀರಾ ತಣ್ಣಗಾಗದು. ವಾಲ್ವ್ ಇಲ್ಲದಿರುವುದೂ ಫ್ಯಾನ್ ಸದಾ ಓಡುವುದೂ ಸೇರಿದಾಗ ಮುಳ್ಳು ಮಲಗಿಯೇಬಿಡುತ್ತದೆ. ಡೈರೆಕ್ಟ್ ವೈರ್ ತೆಗೆದು ಮೂಲ ವೈರಿಂಗಿಗೆ ಮರಳಿಸಿದ ಮೇಲೆ, ನೀರು ಬಿಸಿಯಾದಾಗ ಫ್ಯಾನ್ ಓಡಿಸುವ ಥರ್ಮೋ ಸ್ವಿಚ್ಚಿನ ಕನೆಕ್ಟರ್ ಕಳಚಿ ಅದರ ಎರಡು ಪಿನ್ನುಗಳನ್ನು ಒಂದು ತುಂಡು ವೈರಿನಿಂದ ಜೋಡಿಸಿ ನೋಡಿ. ಫ್ಯಾನ್ ತಿರುಗಿದರೆ ಫ್ಯೂಸ್, ರಿಲೇ, ಮೋಟರ್ ಸರಿಯಾಗಿವೆ. ಬದಲಿಸಬೇಕಾದದ್ದು ಸ್ವಿಚ್ ಮಾತ್ರ. ಇಸಿಎಂ ಮೂಲಕ ಫ್ಯಾನ್ ಓಡುವ ಎಂಪಿಎಫ್‌ಐ ಕಾರುಗಳಲ್ಲಿ ಈ ಪಿನ್ ಜೋಡಣೆ ಬೇಡ, ಆಟೊ ಎಲೆಕ್ಟ್ರಿಷಿಯನ್‌ಗೆ ತೋರಿಸಿ.

ಜೀಪು, ಅಂಬಾಸಿಡರುಗಳ ಫ್ಯಾನ್ ಬೆಲ್ಟಿನಿಂದಲೇ ಸದಾ ತಿರುಗುವುದರಿಂದ ಅಲ್ಲಿ ಈ ಪ್ರಶ್ನೆಯಿಲ್ಲ.

ಹೌಸಿಂಗ್ ಬಿಚ್ಚುವುದು

ಎಂಜಿನ್ ಪೂರ್ತಿ ತಣ್ಣಗಾಗಿರಬೇಕು. ಬಿಸಿ ಎಂಜಿನ್ನಿನ ರೇಡಿಯೇಟರ್ ಮುಚ್ಚಳ ತೆರೆದವರ ಮುಖ ಕೈ ಸುಟ್ಟ ಪ್ರಸಂಗಗಳು ಪ್ರತಿ ಗ್ಯಾರೇಜಿನಲ್ಲೂ ಕೇಳಸಿಗುತ್ತವೆ. ರೇಡಿಯೇಟರಿನ ಕೆಳಗಿನ ಡ್ರೇನ್ ತಿರುಗಿಸಿ, ಅಥವಾ ಕೆಳಗಿನ ಹೋಸ್ ಕಳಚಿ, ನೀರನ್ನು ಬೋಗುಣಿಗೆ ಇಳಿಸಿಕೊಳ್ಳಿ. ಕೂಲೆಂಟ್ ಹಾಕಿದ್ದರೆ ಅದನ್ನು ಅಂಗಳದಲ್ಲಿ ಬಿಡಬೇಡಿ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾಗಿದ್ದು ನಾಯಿ, ಬೆಕ್ಕುಗಳು ನೆಕ್ಕಿ ಸಾಯುತ್ತವೆ.

ಮೇಲಿನ ಹೋಸ್ ಎಂಜಿನ್ ಸೇರುವಲ್ಲಿ ಎರಡು ಮೂರು ಬೋಲ್ಟುಗಳಿಂದ ಕೂತಿರುವ ಮುಚ್ಚಳವೇ ಸಾಮಾನ್ಯವಾಗಿ ಥರ್ಮೋಸ್ಟಾಟ್ ಹೌಸಿಂಗ್. ಬೋಲ್ಟುಗಳು ವರ್ಷಗಟ್ಟಲೆ ನೀರು ಕುಡಿದು ಅಲ್ಯುಮಿನಿಯಂ ಜೊತೆ ಕಚ್ಚಿಕೊಂಡಿರುತ್ತವೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಆಯಿಲ್ ಸಿಂಪಡಿಸಿಟ್ಟು, ಮರುದಿನ ರಿಂಗ್ ಸ್ಪಾನರಿನಿಂದ ಮೊದಲು ಕೂದಲೆಳೆಯಷ್ಟು ಬಿಗಿದು, ನಂತರ ಸಡಿಲಿಸಿ, ಮತ್ತೆ ಸ್ವಲ್ಪ ಬಿಗಿದು, ಹೀಗೆ ಹಿಂದೆಮುಂದೆ ಆಡಿಸುತ್ತಾ ಬಿಡಿಸಬೇಕು. ಒಂದೇ ಏಟಿಗೆ ತಿರುಗಿಸಲು ಹೋದರೆ ಬೋಲ್ಟಿನ ತಲೆ ಕೈಗೆ ಬರುತ್ತದೆ, ಉಳಿದ ತುಂಡು ತೆಗೆಸಲು ಲೇತ್ ಅಂಗಡಿಯೇ ಗತಿ.

ಮುಚ್ಚಳ ತೆಗೆದಾಗ ಒಳಗೆ ಖಾಲಿಯಿದ್ದರೆ ಕಾರಣ ಸಿಕ್ಕಿತು. ಕೆಲವೊಮ್ಮೆ ವಾಲ್ವಿನ ಹೊರ ಉಂಗುರ ಮಾತ್ರ ಉಳಿದಿರುತ್ತದೆ. ನಡುವಿನ ಭಾಗವನ್ನು ಕತ್ತರಿಸಿ ತೆಗೆದು ಉಂಗುರವನ್ನು ಪ್ಯಾಕಿಂಗಿನಂತೆ ಕೂರಿಸಿರುತ್ತಾರೆ. ವಾಲ್ವ್ ಇದ್ದರೆ ಬೆಳಕಿಗೆ ಹಿಡಿದು ನೋಡಿ: ತಣ್ಣಗಿನ ವಾಲ್ವಿನಲ್ಲಿ ಸಂದಿ ಕಾಣಬಾರದು. ಗಾಳಿ ಹೋಗಲು ಬಿಟ್ಟ, ಅಲುಗಾಡುವ ಪಿನ್ ಇರುವ ಸಣ್ಣ ರಂಧ್ರ ಸಹಜವಾದದ್ದು.

ಪಾತ್ರೆಯಲ್ಲಿ ಪರೀಕ್ಷೆ

ವಾಲ್ವಿನ ಒಳಗೆ ಮೇಣ ತುಂಬಿದ ಸಣ್ಣ ಹಿತ್ತಾಳೆ ಗುಂಡಿಯಿದೆ. ನಿಗದಿತ ಉಷ್ಣತೆಯಲ್ಲಿ ಮೇಣ ಕರಗಿ ಹಿಗ್ಗಿ, ಸ್ಪ್ರಿಂಗಿನ ಒತ್ತಡವನ್ನು ಮೀರಿ ವಾಲ್ವನ್ನು ತೆರೆಯುತ್ತದೆ. ಆ ಉಷ್ಣತೆಯನ್ನು ವಾಲ್ವಿನ ಮೇಲೆಯೇ 82 ಅಥವಾ 88 ಎಂಬಂತೆ ಒತ್ತಿರುತ್ತಾರೆ. ಪೂರ್ತಿ ತೆರೆಯಲು ಅದಕ್ಕಿಂತ ಹತ್ತು ಹದಿನೈದು ಡಿಗ್ರಿ ಹೆಚ್ಚು ಬೇಕು. ಹಳೆಯದಾಗಲಿ ಹೊಸದಾಗಲಿ, ಕೂರಿಸುವ ಮೊದಲು ಪರೀಕ್ಷಿಸಿಯೇ ಕೂರಿಸಿ. ವಾಲ್ವಿನ ಸಂದಿಯನ್ನು ಬೆರಳಿನಿಂದ ಬಿಡಿಸಿ ಒಂದು ದಾರವನ್ನು ಅದರಲ್ಲಿ ಕಚ್ಚಿಸಿ, ಆ ದಾರದಿಂದಲೇ ವಾಲ್ವನ್ನು ನೀರಿನ ಪಾತ್ರೆಯಲ್ಲಿ ತಳ ಮುಟ್ಟದಂತೆ ಇಳಿಬಿಡಿ. ಪಕ್ಕದಲ್ಲಿ 100 ಡಿಗ್ರಿಯವರೆಗೆ ಅಳೆಯುವ ಥರ್ಮಾಮೀಟರ್ ಇರಲಿ. ಸಣ್ಣ ಉರಿಯಲ್ಲಿ ನೀರು ಕಾಯಿಸುತ್ತಾ ಹೋದರೆ, ವಾಲ್ವ್ ತೆರೆಯತೊಡಗಿದ ಕ್ಷಣ ದಾರದಿಂದ ಜಾರಿ ಪಾತ್ರೆಯ ತಳಕ್ಕೆ ಟಣ್ ಎಂದು ಬೀಳುತ್ತದೆ. ಆಗಿನ ಉಷ್ಣತೆ ಒತ್ತಿರುವ ಅಂಕಿಗಿಂತ ಎರಡು ಮೂರು ಡಿಗ್ರಿ ಆಚೀಚೆ ಇದ್ದರೆ ಸರಿ. ಮಡಿಕೇರಿ, ಚಿಕ್ಕಮಗಳೂರಿನಂತಹ ಎತ್ತರದ ಊರುಗಳಲ್ಲಿ ನೀರು ಸುಮಾರು 96 ಡಿಗ್ರಿಗೇ ಕುದಿಯುವುದರಿಂದ 88ರ ವಾಲ್ವ್ ಪಾತ್ರೆಯಲ್ಲಿ ಪೂರ್ತಿ ತೆರೆಯದಿರಬಹುದು, ಅದು ದೋಷವಲ್ಲ. ತಣ್ಣೀರಿಗೆ ಹಾಕಿದಾಗ ಮತ್ತೆ ಬಿಗಿಯಾಗಿ ಮುಚ್ಚಿಕೊಳ್ಳಬೇಕು. ತಣ್ಣಗೆ ಓಡುವ ಎಂಜಿನ್ನಿನ ಮಟ್ಟಿಗೆ ತೆರೆಯುವುದಕ್ಕಿಂತ ಈ ಮುಚ್ಚಿಕೊಳ್ಳುವಿಕೆಯೇ ಮುಖ್ಯ.

ಕೊಳ್ಳುವಾಗ ಕಂಪನಿ ಹೇಳಿದ ಅಂಕಿಯದನ್ನೇ ಕೊಳ್ಳಿ. "ನಮ್ಮ ಸೆಕೆಗೆ 76ರದ್ದು ಹಾಕಿ" ಎಂಬ ಸಲಹೆ ಅಂಗಡಿಗಳಲ್ಲಿ ಸಿಗುವುದುಂಟು. ಥರ್ಮೋಸ್ಟಾಟ್ ನಿರ್ಧರಿಸುವುದು ಉಷ್ಣತೆಯ ಕೆಳಮಿತಿಯನ್ನು ಮಾತ್ರ. ಮೇಲ್ಮಿತಿ ರೇಡಿಯೇಟರ್, ಪಂಪ್, ಫ್ಯಾನುಗಳ ಹೊಣೆ. ಕಡಿಮೆ ಅಂಕಿಯ ವಾಲ್ವ್ ಹಾಕಿದರೆ ಕಟ್ಟಿಕೊಂಡ ರೇಡಿಯೇಟರ್ ಗುಣವಾಗುವುದಿಲ್ಲ.

ವಾಲ್ವ್ ಕಿತ್ತದ್ದೇಕೆ?

ಹೊಸ ವಾಲ್ವ್ ಕೈಗೆ ಬಂದಾಗ ಅದನ್ನು ಕೂಡಲೇ ಕೂರಿಸುವ ಆಸೆ ಸಹಜವಾದರೂ ಇಲ್ಲಿ ತಾಳ್ಮೆ ಬೇಕು. ಎಂಜಿನ್ ಹೀಟ್ ಆಗುತ್ತಿದ್ದುದರಿಂದಲೇ ಹಳೆಯದನ್ನು ತೆಗೆದಿರುವ ಸಾಧ್ಯತೆ ಹೆಚ್ಚು, ಮತ್ತು ಆ ಕಾರಣ ಇನ್ನೂ ಒಳಗೇ ಇರುತ್ತದೆ.

ಮೊದಲ ಆರೋಪಿ ರೇಡಿಯೇಟರ್. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನ ಕಡೆ ಬೋರ್‌ವೆಲ್ಲಿನ ಗಡಸು ನೀರನ್ನೇ ವರ್ಷಾನುಗಟ್ಟಲೆ ತುಂಬಿದ ರೇಡಿಯೇಟರಿನ ಟ್ಯೂಬುಗಳಲ್ಲಿ, ಸ್ನಾನದ ಗೀಸರಿನೊಳಗೆ ಕಟ್ಟುವಂತಹದೇ ಬಿಳಿ ಪೊರೆ ಗಟ್ಟಿಯಾಗಿ ಕೂತಿರುತ್ತದೆ. ಕೆಳಗಿನ ಹೋಸ್ ಕಳಚಿ, ಮೇಲಿನಿಂದ ಪೈಪಿನಲ್ಲಿ ಜೋರಾಗಿ ನೀರು ಬಿಟ್ಟಾಗ ಹೋದಷ್ಟೇ ವೇಗದಲ್ಲಿ ಕೆಳಗೆ ಸುರಿಯಬೇಕು. ಮೇಲೆ ಉಕ್ಕಿ ಕೆಳಗೆ ಸಣ್ಣಗೆ ಹರಿದರೆ ಕಟ್ಟಿಕೊಂಡಿದೆ. ಹಳೆಯ ತಾಮ್ರ ಹಿತ್ತಾಳೆಯ ರೇಡಿಯೇಟರಾದರೆ, ರೇಡಿಯೇಟರ್ ಕೆಲಸದವರು ಮೇಲಿನ ತೊಟ್ಟಿಯನ್ನು ಬೆಸುಗೆ ಬಿಡಿಸಿ, ಒಂದೊಂದು ಟ್ಯೂಬಿಗೂ ಸಲಾಕೆ ಹಾಯಿಸಿ ಚೊಕ್ಕ ಮಾಡಿ ಕೊಡುತ್ತಾರೆ. ಪ್ಲಾಸ್ಟಿಕ್ ತೊಟ್ಟಿಯ ಅಲ್ಯುಮಿನಿಯಂ ರೇಡಿಯೇಟರುಗಳಿಗೆ ಈ ಚಿಕಿತ್ಸೆ ನಡೆಯದು, ಹೊಸದೇ ಬೇಕು. ಹೊರಗಿನ ಫಿನ್ನುಗಳಲ್ಲಿ ಸೇರಿದ ಕೆಸರು, ಹುಳಗಳನ್ನು ಎಂಜಿನ್ ಕಡೆಯಿಂದ ಮುಂದಕ್ಕೆ ಹದವಾಗಿ ನೀರು ಬಿಟ್ಟು ತೊಳೆಯಿರಿ.

ನಂತರ ಪಂಪ್, ಬೆಲ್ಟ್, ಹೋಸುಗಳು. ಬೆಲ್ಟನ್ನು ಎರಡು ಪುಲ್ಲಿಗಳ ನಡುವೆ ಹೆಬ್ಬೆರಳಿನಿಂದ ಒತ್ತಿದಾಗ ಸುಮಾರು 10ರಿಂದ 12 ಮಿಲಿಮೀಟರ್ ಬಾಗಬೇಕು. ಪಂಪಿನ ಶಾಫ್ಟ್ ಅಲುಗಾಡಿದರೆ, ಅದರ ಕೆಳಗಿನ ಸಣ್ಣ ರಂಧ್ರದಿಂದ ನೀರು ಜಿನುಗಿದ ಗುರುತಿದ್ದರೆ ಬದಲಿಸಿ. ಕೆಳಗಿನ ಹೋಸ್ ಮೆತ್ತಗಾಗಿದ್ದರೆ ಎಂಜಿನ್ ರೇಸ್ ಮಾಡಿದಾಗ ಒಳಕ್ಕೆ ಚಪ್ಪಟೆಯಾಗಿ ನೀರಿನ ದಾರಿ ಮುಚ್ಚುತ್ತದೆ. ರೇಡಿಯೇಟರ್ ಮುಚ್ಚಳದ ರಬ್ಬರ್ ಹರಿದಿದ್ದರೆ ಅದೇ ಒತ್ತಡದ ಅಂಕಿಯಿರುವ ಹೊಸದನ್ನು ಹಾಕಿ.

ಕೊನೆಯ ಆರೋಪಿ ಹೆಡ್ ಗ್ಯಾಸ್ಕೆಟ್, ಅಂದರೆ ಎಂಜಿನ್ ಬ್ಲಾಕ್ ಮತ್ತು ಅದರ ಮೇಲಿನ ಹೆಡ್ ನಡುವಿನ ಪ್ಯಾಕಿಂಗ್. ತಣ್ಣಗಿನ ಎಂಜಿನ್ನನ್ನು ಮುಚ್ಚಳ ತೆರೆದೇ ಸ್ಟಾರ್ಟ್ ಮಾಡಿದಾಗ ರೇಡಿಯೇಟರಿನಲ್ಲಿ ಗುಳ್ಳೆಗಳು ನಿಲ್ಲದೆ ಏಳುತ್ತಿದ್ದರೆ, ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ, ಹೆಡ್ ಬಿಚ್ಚುವುದು ಅನಿವಾರ್ಯ. ಆದರೆ ಮೇಲಿನ ಮುಚ್ಚಳದಲ್ಲಿ ಮಾತ್ರ ಲೋಳೆಯಿದ್ದು ಡಿಪ್‌ಸ್ಟಿಕ್ಕಿನ ಆಯಿಲ್ ಶುಭ್ರವಾಗಿದ್ದರೆ ಅದು ಬಹುತೇಕ ತಣ್ಣಗೆ ಓಡಿದ್ದರ ಫಲ. ಗ್ಯಾಸ್ಕೆಟ್ ಹೋಗಿದೆಯೆಂದು ಹೆಡ್ ಬಿಚ್ಚಲು ಆತುರಪಡುವ ಗ್ಯಾರೇಜುಗಳಿವೆ, ಎಚ್ಚರವಿರಲಿ.

ವಿಚಿತ್ರವೆಂದರೆ, ಕೆಲವು ಎಂಜಿನ್‌ಗಳಲ್ಲಿ ವಾಲ್ವ್ ಕಿತ್ತದ್ದರಿಂದಲೇ ಹೀಟ್ ಹೆಚ್ಚುತ್ತದೆ. ಅವುಗಳ ವಾಲ್ವಿನ ಕೆಳತುದಿಯಲ್ಲಿ ಇನ್ನೊಂದು ತಟ್ಟೆಯಿದ್ದು, ಎಂಜಿನ್ ಬಿಸಿಯಾದಾಗ ಅದು ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ವಾಲ್ವೇ ಇಲ್ಲದಿದ್ದರೆ ನೀರಿನ ಒಂದು ಪಾಲು ರೇಡಿಯೇಟರಿಗೆ ಹೋಗದೆ ಎಂಜಿನ್ನಿನಲ್ಲೇ ಸುತ್ತುತ್ತಿರುತ್ತದೆ. ಇಂತಹ ಗಾಡಿ ಹೈವೇಯಲ್ಲಿ ತಣ್ಣಗಿದ್ದು ಏರಿನಲ್ಲಿ ಕುದಿಯುತ್ತದೆ.

ಕೂರಿಸುವುದು ಮತ್ತು ತುಂಬುವುದು

ಹೌಸಿಂಗಿನ ಎರಡೂ ಮುಖಗಳ ಮೇಲಿನ ಹಳೆಯ ಪ್ಯಾಕಿಂಗನ್ನು ಗೀರು ಬೀಳದಂತೆ ಕೆರೆದು ತೆಗೆಯಿರಿ. ಸ್ಪ್ರಿಂಗ್ ಮತ್ತು ಮೇಣದ ಗುಂಡಿ ಇರುವ ಬದಿ ಎಂಜಿನ್ ಕಡೆಗೆ, ಅಲುಗಾಡುವ ಪಿನ್ ಇರುವ ರಂಧ್ರ ಮೇಲ್ಭಾಗಕ್ಕೆ ಬರಬೇಕು. ತಲೆಕೆಳಗಾಗಿ ಕೂತ ವಾಲ್ವಿಗೆ ಬಿಸಿ ಸರಿಯಾಗಿ ತಾಗದೆ ಅದು ತಡವಾಗಿ ತೆರೆಯುತ್ತದೆ. ವಾಲ್ವಿನ ಅಂಚು ತನಗಾಗಿ ಕೊರೆದ ತೋಡಿನಲ್ಲಿ ಸಮನಾಗಿ ಕೂತಿದೆಯೇ ಎಂದು ಬೆರಳಾಡಿಸಿ ನೋಡದೆ ಬೋಲ್ಟ್ ಬಿಗಿದರೆ ಮುಚ್ಚಳದ ಕಿವಿ ಒಡೆಯುತ್ತದೆ. ಹೊಸ ಪ್ಯಾಕಿಂಗ್ ಹಾಕಿ. ಸಿಲಿಕೋನ್ ಪೇಸ್ಟ್ ಬೇಕೇ ಆದರೆ ತೆಳುವಾಗಿ ಸವರಿ, ಏಕೆಂದರೆ ಒಳಕ್ಕೆ ಉಬ್ಬಿದ ಪೇಸ್ಟ್ ಕಳಚಿ ರೇಡಿಯೇಟರ್ ಟ್ಯೂಬಿಗೆ ಸಿಕ್ಕಿಕೊಳ್ಳುತ್ತದೆ. ಬೋಲ್ಟುಗಳನ್ನು ಸರದಿಯಂತೆ ಸ್ವಲ್ಪಸ್ವಲ್ಪವೇ ಬಿಗಿಯಿರಿ. 6 ಮಿಲಿಮೀಟರ್ ಬೋಲ್ಟಿಗೆ 10 ನ್ಯೂಟನ್ ಮೀಟರ್ ಸಾಕು.

ಬೋರ್‌ವೆಲ್ ನೀರನ್ನು ಮತ್ತೆ ಸುರಿಯಬೇಡಿ. ಡಿಸ್ಟಿಲ್ಡ್ ವಾಟರಿನಲ್ಲಿ 30ರಿಂದ 50 ಶೇಕಡ ಕೂಲೆಂಟ್ ಬೆರೆಸಿ, ಅಥವಾ ಬೆರೆಸಿಯೇ ಮಾರುವುದನ್ನು ತಂದು, ಗಾಳಿ ಹೊರಹೋಗುವಂತೆ ನಿಧಾನವಾಗಿ ತುಂಬಿ. ಗಾಡಿಯ ಮೂತಿ ಸ್ವಲ್ಪ ಎತ್ತರದಲ್ಲಿರಲಿ, ಹೀಟರ್ ಇದ್ದರೆ ಅದರ ನಾಬ್ ಬಿಸಿಗೆ ತಿರುಗಿರಲಿ. ಮುಚ್ಚಳ ತೆರೆದಿಟ್ಟೇ ತಣ್ಣಗಿನ ಎಂಜಿನ್ನನ್ನು ಸ್ಟಾರ್ಟ್ ಮಾಡಿ ಐಡ್ಲಿಂಗಿನಲ್ಲಿ ಬಿಡಿ, ಆಗಾಗ ಮೇಲಿನ ಹೋಸನ್ನು ಹಿಸುಕಿ. ವಾಲ್ವ್ ತೆರೆದ ಕ್ಷಣ ಮಟ್ಟ ದಿಢೀರನೆ ಇಳಿಯುತ್ತದೆ. ಮತ್ತೆ ತುಂಬಿಸಿ, ನೀರು ಉಕ್ಕುವ ಮೊದಲೇ ಮುಚ್ಚಳ ಹಾಕಿ. ಎಲೆಕ್ಟ್ರಿಕ್ ಫ್ಯಾನಿನ ಕಾರಾದರೆ ಫ್ಯಾನ್ ತಾನಾಗಿ ಶುರುವಾಗಿ, ತಾನಾಗಿ ನಿಲ್ಲುವುದನ್ನು ಕಣ್ಣಾರೆ ನೋಡುವವರೆಗೆ ಗಾಡಿಯನ್ನು ರಸ್ತೆಗಿಳಿಸಬೇಡಿ.

ಉಳಿದ ಕೆಲಸಗಳು

ಇಷ್ಟು ಕಾಲ ತಣ್ಣಗೆ ಓಡಿದ ಎಂಜಿನ್ನಿನ ಆಯಿಲಿನಲ್ಲಿ ಪೆಟ್ರೋಲೂ ನೀರೂ ಬೆರೆತಿರುವುದರಿಂದ ಆಯಿಲ್ ಮತ್ತು ಫಿಲ್ಟರನ್ನು ಕೂಡಲೇ ಬದಲಿಸಬೇಕು. ಕಾರ್ಬ್ಯುರೇಟರ್ ಗಾಡಿಗಳಲ್ಲಿ ತಣ್ಣಗಿನ ಎಂಜಿನ್ ನಿಲ್ಲದಿರಲೆಂದು ಯಾರೋ ಮಿಕ್ಸ್ಚರನ್ನು ರಿಚ್ ಮಾಡಿ (ಪೆಟ್ರೋಲಿನ ಪಾಲು ಹೆಚ್ಚಿಸಿ), ಐಡ್ಲಿಂಗ್ ಏರಿಸಿಟ್ಟಿರುತ್ತಾರೆ. ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಎರಡನ್ನೂ ಮರಳಿ ಹೊಂದಿಸಿ, ಸ್ಪಾರ್ಕ್ ಪ್ಲಗ್ಗುಗಳ ಮಸಿ ತೆಗೆಯಿರಿ.

ಪರೀಕ್ಷೆಯ ಓಟದಲ್ಲಿ ಸಮತಟ್ಟಾದ ರಸ್ತೆಯಲ್ಲಿ ಹತ್ತು ಹದಿನೈದು ನಿಮಿಷದೊಳಗೆ ಮುಳ್ಳು ತನ್ನ ಜಾಗಕ್ಕೆ ಬಂದು, ವೇಗ ಹೆಚ್ಚಿದರೂ ಕಡಿಮೆಯಾದರೂ ಹೆಚ್ಚುಕಡಿಮೆ ಅಲ್ಲಿಯೇ ನಿಲ್ಲಬೇಕು. ಉದ್ದನೆಯ ಇಳಿಜಾರಿನಲ್ಲಿ ಡೀಸೆಲ್ ಜೀಪಿನ ಮುಳ್ಳು ತುಸು ಇಳಿದರೆ ಅದು ಸಹಜ. ಆಮೇಲೆ ಬೇಕೆಂದೇ ಒಂದು ಏರು ಹತ್ತಿಸಿ. ಮುಳ್ಳು ಅರ್ಧಕ್ಕಿಂತ ಬಹಳ ಮೇಲೇರಿದರೆ ಗಾಡಿ ನಿಲ್ಲಿಸಿ, ಐಡ್ಲಿಂಗಿನಲ್ಲೇ ತಣಿಯಲು ಬಿಟ್ಟು ವಾಪಸು ಬನ್ನಿ. ರೇಡಿಯೇಟರ್ ಅಥವಾ ಪಂಪಿನ ಕೆಲಸ ಇನ್ನೂ ಬಾಕಿಯಿದೆ, ವಾಲ್ವನ್ನು ಮಾತ್ರ ಮತ್ತೆ ಕೀಳಿಸಬೇಡಿ. ಮರುದಿನ ಬೆಳಿಗ್ಗೆ ತಣ್ಣಗಿನ ಎಂಜಿನ್ನಿನಲ್ಲಿ ನೀರಿನ ಮಟ್ಟ ನೋಡಿ, ಹೋಸ್ ಕ್ಲಿಪ್ಪುಗಳನ್ನು ಒಮ್ಮೆ ಬಿಗಿದು, ಹೌಸಿಂಗಿನ ಸುತ್ತ ಬಿಳಿಯ ಅಥವಾ ಹಸಿರು ಕಲೆ ಬಿದ್ದಿದ್ದರೆ ಪ್ಯಾಕಿಂಗನ್ನು ಇನ್ನೊಮ್ಮೆ ಕೂರಿಸಿ.